ಮುಂದ ಏನಾಯ್ತು?

ಮೊನ್ನೆ ಯಾದಗಿರಿಯಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ಮೊಮ್ಮಗನ ಮಾತು ತೆಗೆದು, ‘ಬ್ಯಾಸಗಿ ಸೂಟ್ಯಾಗ ಕಥಿ ಪುಸ್ತಕ ಹಿಡ್ಕೊಂಡು ಕುಂತರ ಏನ್ ಬರ್ತದ್ರಿ? ಓದೋದಿದ್ರ ಜಿ.ಕೆ. ಓದ್ಲಿ, ಇಲ್ಲಾಂದ್ರ ಕಂಪ್ಯೂಟರ್ ಕ್ಲಾಸಿಗಿ ಹೋಗ್ಲಿ’ ಎಂದರು. ಎದುರು ಸಾಲಿನಲ್ಲಿದ್ದ ಶಿಕ್ಷಕರೊಬ್ಬರು ಪುಸ್ತಕದ ಪರ ನಿಂತರು. ‘ಹಂಗನಬ್ಯಾಡ್ರಿ ಕಾಕಾ, ಕಥಿ ಓದಿದ್ರ ಭಾಷಾ ಸುಧಾರಿಸ್ತದ, ಏಕಾಗ್ರತಾ ಬರ್ತದ, ಮುಂದ ಪರೀಕ್ಷಾಕ್ಕೂ ಅನುಕೂಲ ಆಗ್ತದ.’ ಹಿರಿಯರು ತಲೆದೂಗಿದರು. ಮಾತು ಅಲ್ಲಿಗೇ ಮುಗಿಯಿತು. ನನಗೆ ಮಾತ್ರ ಹಿರಿಯರ ಮಾತಿಗಿಂತ ಶಿಕ್ಷಕರ ಮಾತೇ ಹೆಚ್ಚು ಕಾಡಿತು.

ಹಿರಿಯರದು ನೇರ ವಿರೋಧ, ಅದಕ್ಕೆ ಎದುರುತ್ತರ ಕೊಡಬಹುದು. ಶಿಕ್ಷಕರು ಪುಸ್ತಕವನ್ನು ಪ್ರೀತಿಸುವವರು. ಆದರೆ ಆ ಪ್ರೀತಿಯನ್ನು ಹೇಳಿಕೊಳ್ಳಲು ಅವರಿಗೂ ಲಾಭದ ಲೆಕ್ಕ ಬೇಕಾಯಿತು. ಕಥೆ ಓದಿದರೆ ಸುಖವಾಗುತ್ತದೆ ಎಂದಷ್ಟೇ ಹೇಳಲು ನಾವು ಯಾಕೆ ಹಿಂಜರಿಯುತ್ತೇವೆ? ಬೆಳದಿಂಗಳಲ್ಲಿ ಮಾಳಗಿಯ ಮೇಲೆ ಮಲಗಿದರೆ ಏನು ಪ್ರಯೋಜನ ಎಂದು ಯಾರೂ ಕೇಳುವುದಿಲ್ಲ. ಮಗುವಿನ ಕೈಯಲ್ಲಿ ಕಥೆ ಪುಸ್ತಕ ಕಂಡರೆ ಮಾತ್ರ ಕೇಳುತ್ತೇವೆ. ಓದು ನಮ್ಮಿಂದ ದೂರವಾದದ್ದು ಮೊದಲು ಈ ಲೆಕ್ಕದಿಂದ, ಮೊಬೈಲು ಬಂದದ್ದು ಆಮೇಲೆ. ಅದು ಮರಳುವುದಾದರೆ ಯಾವ ಉಪಯೋಗಕ್ಕೂ ಬಾರದ ಪುಸ್ತಕದ ಕೈಹಿಡಿದೇ ಮರಳುತ್ತದೆ. ಅದರಲ್ಲೂ ರಾಕ್ಷಸರು, ಮಾಂತ್ರಿಕರು, ಹಾರುವ ಕುದುರೆಗಳಿರುವ ಪುಸ್ತಕದ ಕೈಹಿಡಿದು. ಇದು ನಾನು ಒಂದು ಬೇಸಿಗೆಯಲ್ಲಿ ಕಣ್ಣಾರೆ ಕಂಡದ್ದು.

2024ರ ಏಪ್ರಿಲ್‌ನಲ್ಲಿ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಬಗ್ಗಿ ಕೆಲಸ ಮಾಡದಂತೆ ನೋಡಿಕೊಳ್ಳಬೇಕು. ಐದು ವಾರ ರಜೆ ಹಾಕಿ ಊರಿಗೆ, ಕೊಂಕಲ್‌ಗೆ ಹೋದೆ. ಕಲಬುರಗಿಯ ಕಚೇರಿಯಲ್ಲಿ ದಿನಕ್ಕೆ ಒಂಬತ್ತು ತಾಸು ಕಂಪ್ಯೂಟರ್ ಪರದೆ ನೋಡಿ ನೋಡಿ ಕಣ್ಣು ಬತ್ತಿಹೋಗಿದ್ದವು. ಲ್ಯಾಪ್‌ಟಾಪನ್ನು ಬೇಕೆಂದೇ ಬಿಟ್ಟು, ಒಂದು ಕೀಪ್ಯಾಡ್ ಫೋನು ಮಾತ್ರ ಇಟ್ಟುಕೊಂಡೆ. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಫೋನು ತಮ್ಮನದು. ಅದು ಮುಂಜಾನೆ ಅವನ ಜೊತೆ ಹೊರಟರೆ ಬರುವುದು ರಾತ್ರಿಗೇ. ತಮ್ಮನ ಮಗಳು ಏಳನೆಯದು ಮುಗಿಸಿ ಸೂಟಿಯಲ್ಲಿದ್ದಳು. ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ ಅವಳು ನಾಲ್ಕನೆಯ ತರಗತಿ. ಪಾಠ ಕೇಳಲಿ ಎಂದು ಅವಳ ಕೈಗೆ ಆ ಫೋನು ಕೊಟ್ಟವರು ನಾವೇ. ಈಗ ಮಕ್ಕಳನ್ನು ಬೈಯುವವರು ಇದನ್ನು ಮರೆಯಬಾರದು.

ನಮ್ಮ ಸೀಮೆಯ ಬಿಸಿಲು ಗೊತ್ತಿದ್ದದ್ದೇ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅಲ್ಲಿಂದ ಹೊತ್ತು ಇಳಿಯುವವರೆಗೆ ಊರೆಂಬ ಊರೇ ಬಾಗಿಲು ಮುಂದೆ ಮಾಡಿಕೊಂಡು ಒಳಗಿರುತ್ತದೆ. ಪಡಸಾಲೆಯ ಪರ್ಸಿಗೆ ನೀರು ಚಿಮುಕಿಸಿ, ಅದರ ಮೇಲೆ ಅಂಗಾತ ಬಿದ್ದುಕೊಂಡರೆ ಮುಂದೆ ನಾಲ್ಕು ತಾಸು. ಓದುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವ ಊರಿನಲ್ಲಿ ಸಿಕ್ಕೀತು?

ಆದರೂ ಮೊದಲ ವಾರ ಓದು ಹತ್ತಲೇ ಇಲ್ಲ. ಕಂಬಾರರ ‘ಶಿಖರಸೂರ್ಯ’ ಒಯ್ದಿದ್ದೆ. ನಾಲ್ಕು ಪುಟ ಓದುವಷ್ಟರಲ್ಲಿ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಓದುತ್ತಲೇ ‘ಇದರಲ್ಲಿ ನನಗೆ ಬೇಕಾದ್ದೇನು’ ಎಂದು ಹುಡುಕುತ್ತಿದ್ದೆ. ವರದಿ, ಟಿಪ್ಪಣಿ, ಸುತ್ತೋಲೆ ಓದಿ ಓದಿ, ಸಾಲಿನಿಂದ ಸಾರ ಹಿಂಡಿ ಉಳಿದದ್ದನ್ನು ಎಸೆಯುವ ಚಟ ಮೈಗೆ ಹತ್ತಿತ್ತು. ಕಥೆಯಲ್ಲಿ ಹಿಂಡಿ ತೆಗೆಯುವ ಸಾರ ಬೇರೆ ಇರುವುದಿಲ್ಲ, ಎಸೆಯಬೇಕಾದ ಸಿಪ್ಪೆಯೂ ಇರುವುದಿಲ್ಲ. ಪರದೆ ಎದುರಿಗೆ ಇಲ್ಲದಿದ್ದರೂ ಅದು ಕಲಿಸಿದ ಓದು ನನ್ನೊಳಗೇ ಕುಳಿತಿತ್ತು.

ಎರಡನೆಯ ವಾರ ಅವ್ವ ಒಂದು ಹಳೆಯ ರುಮಾಲು ಬೇಕೆಂದಳು. ಅದಕ್ಕಾಗಿ ಅಪ್ಪನ ತಗಡಿನ ಟ್ರಂಕು ತೆಗೆದೆ. ಅಪ್ಪ ಕನ್ನಡ ಶಾಲೆ ಮಾಸ್ತರರಾಗಿದ್ದವರು. ರುಮಾಲಿನ ಅಡಿಯಲ್ಲಿ ಚಂದಮಾಮದ ಸಂಚಿಕೆಗಳು, ವರ್ಷಕ್ಕೊಂದರಂತೆ ದಪ್ಪ ದಾರದಲ್ಲಿ ಹೊಲಿದ ಕಟ್ಟುಗಳು. ಪಿನ್ನುಗಳು ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿತ್ತು. ಮುಟ್ಟಿದರೆ ಅಂಚು ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಬೇತಾಳನ ಕಥೆಯ ಚಿತ್ರದಲ್ಲಿ ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನ ಮೀಸೆಯನ್ನು ಯಾರೋ ಪೆನ್ಸಿಲಿನಿಂದ ಇನ್ನಷ್ಟು ಉದ್ದ ಮಾಡಿದ್ದರು. ನಾನೋ ತಮ್ಮನೋ, ನೆನಪಿಲ್ಲ.

ಚಂದಮಾಮದ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದ್ರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಈ ಮಾಸಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಶಂಕರ್ ಬರೆದ ವಿಕ್ರಮ ಬೇತಾಳರ ಚಿತ್ರವನ್ನು ನಮ್ಮ ತಲೆಮಾರಿನ ಯಾರೂ ಮರೆತಿರಲಾರರು. ಆದರೆ ನನ್ನನ್ನು ಹಿಡಿದದ್ದು ತಿಂಗಳು ತಿಂಗಳು ಹರಿಯುತ್ತಿದ್ದ ಧಾರಾವಾಹಿಗಳು. ಪಾಳುಗುಡಿ ಹುಡುಕಿ ಹೊರಟ ಯುವಕರು, ಮಾಯಾ ಸರೋವರಗಳು, ಪಾತಾಳದ ಕೋಟೆಗಳು, ಸುಳ್ಳು ಹೇಳುವ ಮಾಂತ್ರಿಕರು. ಅವುಗಳಲ್ಲಿ ಬಹಳಷ್ಟನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯಲ್ಲಿ ಅವರ ಹೆಸರೂ ಇರುತ್ತಿರಲಿಲ್ಲ. ದಕ್ಷಿಣದ ಎಷ್ಟೋ ಮಕ್ಕಳು ಉಸಿರು ಬಿಗಿಹಿಡಿದು ಓದಿದ್ದು ಹೆಸರಿಲ್ಲದ ಒಬ್ಬ ಲೇಖಕನನ್ನು. ಆ ಕಥೆಗಳಿಗೆ ಬಹುಮಾನ ಬರಲಿಲ್ಲ, ವಿಮರ್ಶೆಯೂ ಬರಲಿಲ್ಲ. ಅವು ನನ್ನಂಥವರಿಗೆ ಓದು ಹಚ್ಚಿದವು, ಆ ಋಣ ದೊಡ್ಡದು.

ಹುಡುಗಿ ಒಂದು ಕಟ್ಟು ಎಳೆದುಕೊಂಡಳು. ಅವ್ವನ ಕಣ್ಣಿಗೆ ಕಪ್ಪು ಕನ್ನಡಕ. ಕನ್ನಡಕ ಇಲ್ಲದಿದ್ದರೂ ಅವ್ವ ಓದುತ್ತಿರಲಿಲ್ಲ, ಅವಳಿಗೆ ಅಕ್ಷರ ಬಾರದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ಆ ಅಂಕಿಯ ಉಳಿದರ್ಧ ನನ್ನ ಅವ್ವನಂಥವರು. ‘ಗಟ್ಟ್ಯಾಗಿ ಓದವ್ವಾ, ನಾನೂ ಕೇಳ್ತೀನಿ’ ಎಂದಳು. ಹುಡುಗಿ ಓದಿದಳು, ಅವಳ ಗಂಟಲು ಒಣಗಿದಾಗ ನಾನು ಓದಿದೆ. ಅಧ್ಯಾಯ ಮುಗಿದಾಗಲೆಲ್ಲ ಅವ್ವನ ಒಂದೇ ಪ್ರಶ್ನೆ: ‘ಮುಂದ ಏನಾಯ್ತು?’ ಮೂರನೆಯ ದಿನಕ್ಕೆ ಜೇಬಿನ ಕಡೆ ಹೋಗುವ ನನ್ನ ಕೈ ನಿಂತಿತು. ಅದಾದ ಮೇಲೆ ‘ಶಿಖರಸೂರ್ಯ’ ಮತ್ತೆ ಎತ್ತಿಕೊಂಡೆ. ವಿದ್ಯೆಯನ್ನು ಅಧಿಕಾರದ ಏಣಿ ಮಾಡಿಕೊಂಡವನ ಆ ದೊಡ್ಡ ಕಥೆಯನ್ನು ಹನ್ನೆರಡು ಮಧ್ಯಾಹ್ನಗಳಲ್ಲಿ ಮುಗಿಸಿದೆ. ಅದರಿಂದ ಏನು ಹಿಂಡಿಕೊಳ್ಳಬೇಕು ಎಂದು ಒಮ್ಮೆಯೂ ಅನಿಸಲಿಲ್ಲ.

ಈಗ ಎಲ್ಲೆಲ್ಲೂ ಡಿಜಿಟಲ್ ಉಪವಾಸದ ಮಾತು. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಒಂದೂವರೆ ತಾಸು ಟಿ.ವಿ., ಮೊಬೈಲು ಬಂದ್ ಮಾಡಿಸುವ ಪದ್ಧತಿ ತಂದರು. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಲ್ಲಿ ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿತು. ಒಂದು ಊರೆಲ್ಲ ಸೇರಿ ಹೀಗೊಂದು ನಿರ್ಧಾರ ಮಾಡುವುದು ಸಣ್ಣ ಮಾತಲ್ಲ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಆ ಒಂದೂವರೆ ತಾಸಿನಲ್ಲಿ ಮಗುವಿನ ಮುಂದೆ ಏನು ಇಡುತ್ತೀರಿ? ಪಠ್ಯಪುಸ್ತಕವೆಂದರೆ, ಮೊಬೈಲು ಸುಖ, ಪುಸ್ತಕ ಶಿಕ್ಷೆ ಎಂಬ ಪಾಠವನ್ನೇ ಗಟ್ಟಿಮಾಡಿದ ಹಾಗೆ.

ನಮ್ಮಲ್ಲಿ ಪುಸ್ತಕಗಳಿಲ್ಲ ಎನ್ನುವಂತಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ. ಆದರೆ ಈ ಸೀಮೆಯ ಯಾವುದೇ ಗ್ರಂಥಾಲಯದ ಮೇಜಿನ ಮೇಲೆ ಕಣ್ಣಾಡಿಸಿ: ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಗೈಡುಗಳು. ಕಾದಂಬರಿಗಳು ಕಪಾಟಿನಲ್ಲಿ, ಕಪಾಟಿಗೆ ಬೀಗ. ಆ ಗೈಡು ಹಿಡಿದ ಹುಡುಗರನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಸಂವಿಧಾನದ 371(ಜೆ) ಬಂದಮೇಲೆ ನೌಕರಿಯ ಆಸೆ ಚಿಗುರಿದ ಮನೆಗಳು ಇವು. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಅವ್ವ ಹೊಲದ ಕೂಲಿಗೆ ಹೋಗಿ ಸಾಕಿದ ಹುಡುಗ ಬೇತಾಳನ ಕಥೆ ಬಿಟ್ಟು ಗೈಡು ಓದಿದರೆ ಅದು ಅವನ ಧರ್ಮ. ನಾನು ಹೇಳುವುದು ಆ ಗೈಡು ಹತ್ತು ವರ್ಷದ ಮಗುವಿನ ತನಕ ಇಳಿದುಬಂದಿರುವುದರ ಬಗ್ಗೆ. ಸುರಪುರದ ಟೇಲರ್ ಮಂಜಿಲ್ ಕಟ್ಟಿಸಿದವರು ಯಾರು ಎಂದು ಕೇಳಿ, ಮಕ್ಕಳು ಥಟ್ಟನೆ ಮೆಡೋಸ್ ಟೇಲರ್ ಎನ್ನುತ್ತಾರೆ. ಆ ಮನುಷ್ಯ ಕಾದಂಬರಿಕಾರನಾಗಿದ್ದ, 1839ರಲ್ಲೇ ಥಗ್ಗರ ಮೇಲೆ ಮೈ ನಡುಗಿಸುವ ಕಾದಂಬರಿ ಬರೆದು ಹೆಸರಾಗಿದ್ದ. ಅದನ್ನು ಯಾರೂ ಆ ಮಕ್ಕಳ ಕೈಗೆ ಕೊಟ್ಟಿಲ್ಲ. ಕಥೆ ಹೇಳಿದ ಮನುಷ್ಯನೊಬ್ಬ ಒಂದು ಅಂಕದ ಪ್ರಶ್ನೆಯಾಗಿ ಉಳಿದ.

ಇನ್ನೊಂದು ಆಕ್ಷೇಪ ಇನ್ನೂ ಗಂಭೀರವಾದದ್ದು. ನಮ್ಮದು ಬಾನಾಮತಿಯ ಸೀಮೆ. ದನ ಸತ್ತರೆ, ಮಗುವಿಗೆ ಜ್ವರ ಬಂದರೆ ‘ಆಕಿ ಮಾಡ್ಸ್ಯಾಳ’ ಎಂದು ಗಂಡನಿಲ್ಲದ ಹೆಣ್ಣುಮಗಳ ಕಡೆ ಬೆರಳು ಮಾಡಿದ ಊರುಗಳಿವೆ. ಇಂಥ ಅಮಾನುಷ ಆಚರಣೆಗಳನ್ನು ತಡೆಯಲು ರಾಜ್ಯ 2017ರಲ್ಲಿ ಕಾನೂನೇ ಮಾಡಬೇಕಾಯಿತು, ಅದು ಜಾರಿಗೆ ಬಂದದ್ದು 2020ರಲ್ಲಿ. ಇಂಥ ನೆಲದ ಮಕ್ಕಳ ಕೈಗೆ ಮಾಂತ್ರಿಕರ ಕಥೆ ಕೊಡುವುದು ಬೆಂಕಿಗೆ ತುಪ್ಪ ಸುರಿದಂತಲ್ಲವೇ ಎಂದು ವಿಚಾರವಾದಿ ಗೆಳೆಯರು ಕೇಳುತ್ತಾರೆ. ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ. ಬಹಳ ದಿನ ಯೋಚಿಸಿ ನನಗೆ ಹೊಳೆದದ್ದು ಇದು: ಬಾನಾಮತಿ ನಂಬುವವನಿಗೆ ಕಥೆ ಎಂಬುದು ಗೊತ್ತೇ ಇಲ್ಲ. ಅವನ ಕಿವಿಗೆ ಬಿದ್ದದ್ದೆಲ್ಲ ಸುದ್ದಿ. ಮಾಯಾ ಕಥೆ ಓದುವ ಮಗು ಮೊದಲ ಪುಟದಲ್ಲೇ ಒಂದು ಹೊಸ್ತಿಲು ದಾಟುತ್ತದೆ, ದಾಟಿದ್ದು ಅದಕ್ಕೆ ಗೊತ್ತಿರುತ್ತದೆ. ಪುಸ್ತಕ ಮುಚ್ಚಿದಾಗ ಹೊಸ್ತಿಲು ದಾಟಿ ಈಚೆ ಬರುತ್ತದೆ. ರಾಕ್ಷಸನಿಗೆ ಹೆದರುತ್ತಲೇ ಇವನನ್ನು ಯಾರೋ ಬರೆದಿದ್ದಾರೆ ಎಂದು ತಿಳಿದಿರುವ ಆ ಎರಡು ಮನಸ್ಸು ಸಣ್ಣ ವಿದ್ಯೆಯಲ್ಲ. ನೂರು ಕಥೆಗಳಲ್ಲಿ ಮಂತ್ರ ಹೇಗೆ ಕಟ್ಟುತ್ತಾರೆಂದು ನೋಡಿದ ಹುಡುಗಿಯ ಎದುರು ಯಾರಾದರೂ ನಿಂಬೆಹಣ್ಣು, ಕುಂಕುಮ ಹಿಡಿದು ಬಂದರೆ, ‘ಇದೂ ಯಾರೋ ಕಟ್ಟಿದ ಕಥಿ’ ಎಂದು ಗುರುತಿಸುವ ಅಳತೆಗೋಲು ಅವಳ ಹತ್ತಿರ ಇರುತ್ತದೆ. ವೈದ್ಯರು, ಶಾಲೆ, ಕಾನೂನು ಎಲ್ಲ ಬೇಕು. ಅವುಗಳ ಜೊತೆ ಕಥೆಯೂ ಬೇಕು ಎನ್ನುತ್ತೇನೆ.

ಇಂಥ ಓದು ನಿಜದಿಂದ ಓಡಿಹೋಗುವುದು ಎನ್ನುವವರಿಗೆ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ 1939ರಲ್ಲೇ, ಮಾಯಾಕಥೆಗಳ ಕುರಿತ ಒಂದು ಉಪನ್ಯಾಸದಲ್ಲಿ ಉತ್ತರ ಕೊಟ್ಟಿದ್ದಾರೆ. ಸೆರೆಯಲ್ಲಿದ್ದವನು ಹೊರಗಿನ ಲೋಕವನ್ನು ನೆನೆಯುವುದನ್ನೂ ಸಿಪಾಯಿ ರಣರಂಗ ಬಿಟ್ಟು ಪರಾರಿಯಾಗುವುದನ್ನೂ ಒಂದೇ ಮಾಡಬೇಡಿ ಎಂಬುದು ಅವರ ವಾದದ ತಿರುಳು. ಅಪ್ಪ ಅವ್ವ ದುಡಿಯಲು ಮುಂಬೈಗೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಗು ನಮ್ಮ ಜಿಲ್ಲೆಯ ಓಣಿ ಓಣಿಯಲ್ಲೂ ಇದೆ. ನಿಜ ಎಂಥದೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು, ಮಾಯಾಕಥೆ ಇಂಗ್ಲಿಷಿನಿಂದ ಬಂದ ಶೋಕಿ ಎನ್ನುವವರು ದುರ್ಗಸಿಂಹ ಸುಮಾರು 1031ರಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದನ್ನೂ, ಸುರಪುರದ ಹತ್ತಿರದ ಮುದನೂರಿನಲ್ಲಿ ನೇಕಾರ ದಾಸಿಮಯ್ಯನಿಗೆ ಎಂದೂ ಬರಿದಾಗದ ತವನಿಧಿ ಸಿಕ್ಕ ಕಥೆಯನ್ನೂ ನೆನಪಿಸಿಕೊಂಡರೆ ಸಾಕು.

ಆ ಬೇಸಿಗೆಯ ನಾಲ್ಕನೆಯ ವಾರ ಒಂದು ಕಷ್ಟ ಎದುರಾಯಿತು. ಕಥೆಯ ಯುವಕರಿಬ್ಬರು ಗುಹೆಯೊಳಗೆ ಹೊಕ್ಕಿದ್ದಾರೆ, ಹಿಂದೆ ಬಂಡೆ ಉರುಳಿ ಬಾಯಿ ಮುಚ್ಚಿದೆ, ಮುಂದೆ ಕತ್ತಲಲ್ಲಿ ಏನೋ ಉಸಿರಾಡುತ್ತಿದೆ. ಪುಟ ತಿರುಗಿಸಿದರೆ ಬೇರೆ ತಿಂಗಳು. ಅಕ್ಟೋಬರ್ ಸಂಚಿಕೆಯೇ ಕಟ್ಟಿನಲ್ಲಿರಲಿಲ್ಲ. ಟ್ರಂಕು ಪೂರ್ತಿ ಬರಿದು ಮಾಡಿ ನೋಡಿದೆವು. ನವೆಂಬರಿನಲ್ಲಿ ಅವರು ಆಗಲೇ ಒಂದು ನದಿಯ ದಂಡೆಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದರು. ಹುಡುಗಿ ಅಳುವುದೊಂದು ಬಾಕಿ. ರಾತ್ರಿ ತಮ್ಮನ ಫೋನು ಮನೆಗೆ ಬಂತು. ಅದರಲ್ಲಿ ಹುಡುಕೋಣವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, ‘ಗವಿಯೊಳಗ ಏನಾಯ್ತು ನಾ ಹೇಳ್ತೀನಿ, ಕೇಳ್ರಿ’ ಎಂದಳು.

ಹಾಸಿಗೆಯಲ್ಲಿ ಕಾಲು ಮಡಚಿ ಕುಳಿತು, ಕಪ್ಪು ಕನ್ನಡಕದ ಹಿಂದಿನಿಂದ, ಚಿಕ್ಕಂದಿನಲ್ಲಿ ದೊಡ್ಡಾಟದಲ್ಲಿ ಕಂಡ ರಾಕ್ಷಸನ ದನಿ ತೆಗೆದಳು. ಉಸಿರಾಡುತ್ತಿದ್ದದ್ದು ಒಬ್ಬ ಮುದಿ ರಾಕ್ಷಸಿಯಂತೆ, ಅವಳಿಗೆ ಕಣ್ಣಿಗೆ ಪೊರೆ ಬಂದಿತ್ತಂತೆ. ಹುಡುಗರಲ್ಲಿ ಒಬ್ಬ ಅವಳ ಕಣ್ಣಿಗೆ ಹನಿ ಹಾಕಿದನಂತೆ. ಅದಕ್ಕೆ ಮೆಚ್ಚಿ ಅವಳು ಬೆನ್ನ ಮೇಲೆ ಕೂರಿಸಿಕೊಂಡು, ನೆಲದೊಳಗಿನ ನೀರಿನಲ್ಲಿ ಈಜಿ ಇಬ್ಬರನ್ನೂ ಭೀಮಾ ನದಿಗೆ ತಂದು ಬಿಟ್ಟಳಂತೆ. ಹುಡುಗಿ ಪಟ್ಟಿ ಪುಸ್ತಕದಿಂದ ಹಾಳೆ ಹರಿದು ಬರೆದುಕೊಳ್ಳುತ್ತಿದ್ದಳು. ಮರುದಿನ ಎದ್ದವಳೇ ಸೂಜಿಗೆ ದಾರ ಪೋಣಿಸಿ, ಆ ಆರು ಹಾಳೆಗಳನ್ನು ಸೆಪ್ಟೆಂಬರ್ ಮತ್ತು ನವೆಂಬರ್ ನಡುವೆ ಹೊಲಿದಳು. ಮೇಲೆ ‘ಅಕ್ಟೋಬರ್’ ಎಂದು ಬರೆದು, ಅದರ ಕೆಳಗೆ ಅಜ್ಜಿಯ ಹೆಸರು ಹಾಕಿದಳು.