ಕಲೆಯೂ ಬೆಲೆಯೂ

'ಕಲೆ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಸಂಸ್ಕೃತದ ಕಲಾಶಬ್ದದಿಂದ ಬಂದ ಕಲೆಯು ಚಿತ್ರ, ಸಂಗೀತ ಮೊದಲಾದವನ್ನು ಹೇಳುವುದು. ಕನ್ನಡದ ಕಲೆಯು ಬಟ್ಟೆಗೋ ಕಾಗದಕ್ಕೋ ತಗಲಿದ ಮಸಿಯ, ಎಣ್ಣೆಯ ಗುರುತನ್ನು ಹೇಳುವುದು. ಮಕ್ಕಳ ಚಿತ್ರಕಥಾ ಪುಸ್ತಕಗಳಲ್ಲಿ ಈ ಎರಡೂ ಒಂದೇ ಹಾಳೆಯ ಮೇಲೆ ಕೂಡಿರುವುವು. ಮೊದಲನೆಯದು ಪುಸ್ತಕಕ್ಕೆ ಬೆಲೆಯನ್ನು ತರುತ್ತದೆ. ಎರಡನೆಯದು ಅದನ್ನು ಕಳೆಯುತ್ತದೆ. ಎಷ್ಟು ಕಳೆಯುತ್ತದೆ, ಏಕೆ ಕಳೆಯುತ್ತದೆ ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆನು.

ಇದೇನು ಹುಡುಗಾಟದ ವಿಷಯವೆಂದು ಹಿರಿಯರು ನಗಬಾರದು. ನಮ್ಮ ಮುದ್ದೇಬಿಹಾಳದಂಥ ಊರುಗಳಲ್ಲಿಯೂ ಅಟ್ಟದ ಮೇಲಿನ ಹಳೆಯ ಟ್ರಂಕಿನೊಳಗೆ ಮಕ್ಕಳು ಓದಿ ಬಿಟ್ಟ ಇಂಥ ಪುಸ್ತಕಗಳ ಕಟ್ಟು ಇದ್ದೇ ಇರುವುದು. ಟೈಮ್ಸ್ ಆಫ್ ಇಂಡಿಯಾದವರ ಇಂದ್ರಜಾಲ ಮಾಲೆಯು ೧೯೬೪ರ ಮಾರ್ಚ್ ತಿಂಗಳಲ್ಲಿ ಹೊರಟು ೧೯೯೦ರಲ್ಲಿ ನಿಂತಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಹೆಸರಿನೊಡನೆ ಬೆಸೆದುಕೊಂಡಿರುವ ಅಮರ ಚಿತ್ರ ಕಥೆಯ ಆರಂಭವಂತೂ ಕನ್ನಡದಲ್ಲಿಯೇ ಆಯಿತು. ೧೯೬೫ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರು ಪರದೇಶದ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರು. ಆ ಹತ್ತು ಸಂಚಿಕೆಗಳಾದ ಬಳಿಕ ಹನ್ನೊಂದನೆಯ ಅಂಕದಿಂದ ಕೃಷ್ಣನ ಕಥೆಯು ಬಂದಿತು. ನಮ್ಮ ನೆರೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವೇಶ್ವರರ ಕಥೆಯೂ ಆ ಮಾಲೆಯಲ್ಲಿ ಸೇರಿರುವುದು. ಹತ್ತು ಕೈ ದಾಟಿ, ಹರಿದು, ಕೊನೆಗೆ ರದ್ದಿಯ ತಕ್ಕಡಿಗೆ ಹೋಗುವುದೇ ಇಂಥ ಪುಸ್ತಕಗಳ ಹಣೆಬರಹವಾಗಿತ್ತು. ಆದಕಾರಣ ಚೊಕ್ಕಟವಾಗಿ ಉಳಿದ ಪ್ರತಿಗಳನ್ನು ಸಂಗ್ರಾಹಕರು ಈಗ ಹುಡುಕಿಕೊಂಡು ಬರುತ್ತಿರುವರು.

ದೋಷವನ್ನೆಣಿಸಿ ಬೆಲೆಯನ್ನಿಳಿಸುವ ಪದ್ಧತಿಯು ನಮಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಯನ್ನು ಹೇಳುವಾಗ ಕಾಗೆಯ ಹೆಜ್ಜೆಯಂಥ, ನೊಣದಂಥ, ಕೂದಲಿನಂಥ ಗುರುತುಗಳನ್ನು ದೋಷಗಳೆಂದು ಎಣಿಸಿರುವನು. ತುದಿ ಮುರಿದುದು, ಚಪ್ಪಟೆಯಾದುದು ಮೊದಲಾದವಕ್ಕೆ ಬೆಲೆಯಲ್ಲಿ ಎಂಟನೆಯ ಒಂದು ಪಾಲನ್ನು ಕಳೆಯಲು ಹೇಳಿರುವನು. ಚಿತ್ರಕಥೆಗಳಿಗೆ ಇಂಥ ಪರೀಕ್ಷಾಶಾಸ್ತ್ರವು ಅಮೇರಿಕೆಯಲ್ಲಿ ಬೆಳೆಯಿತು. ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರ ಬೆಲೆಸೂಚಿಯು ೧೯೭೦ರಲ್ಲಿ ಮೊದಲು ಪ್ರಕಟವಾಯಿತು. ೨೦೦೦ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆಯು ಹುಟ್ಟಿ, ಪುಸ್ತಕವನ್ನು ಪರೀಕ್ಷಿಸಿ, ಅರ್ಧದಿಂದ ಹತ್ತರ ವರೆಗೆ ಅಂಕ ಕೊಟ್ಟು, ಪಾರದರ್ಶಕವಾದ ಗಟ್ಟಿ ಕರಂಡದಲ್ಲಿಟ್ಟು ಮುಚ್ಚಿ ಕೊಡತೊಡಗಿತು. ಹತ್ತೆಂದರೆ ಸರ್ವಾಂಗ ನಿರ್ದೋಷ, ಎಂಟು ಅತ್ಯುತ್ತಮ, ಆರು ಉತ್ತಮ, ಎರಡೆಂದರೆ ಚೆನ್ನಾಗಿ ಬಳಸಿದರೂ ಓದಲು ಬರುವಂಥದು, ಅರ್ಧವೆಂದರೆ ಜೀರ್ಣ. ೧೯೩೮ರಲ್ಲಿ ಹತ್ತು ಸೆಂಟಿಗೆ ಮಾರಿದ, ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡ ಸಂಚಿಕೆಯ ಒಂದು ಪ್ರತಿಯು ೨೦೨೪ರಲ್ಲಿ ಅರವತ್ತು ಲಕ್ಷ ಡಾಲರಿಗೆ ಹೋಯಿತು. ಅದರ ಅಂಕವಾದರೂ ಎಂಟೂವರೆ. ಅಂಥದಕ್ಕೂ ಒಂದೂವರೆ ಅಂಕವು ಮೈಮೇಲಿನ ದೋಷಗಳ ಪಾಲಾಯಿತು.

ಪರೀಕ್ಷಕನು ಮೊದಲು ನೋಡುವುದು ಬೆನ್ನನ್ನು. ಪುಸ್ತಕವನ್ನು ಮಡಚಿ ಓದಿದಷ್ಟು ಸಲ ಬೆನ್ನಿನ ಮೇಲೆ ಸಣ್ಣ ಅಡ್ಡಗೆರೆಗಳು ಮೂಡುವುವು. ಇವುಗಳಲ್ಲಿ ಎರಡು ಜಾತಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವ ಗೆರೆಯಲ್ಲಿ ಬಣ್ಣವು ಒಡೆದಿರುವುದಿಲ್ಲ, ಅದು ಅಲ್ಪದೋಷ. ನೇರವಾಗಿ ನೋಡಿದರೂ ಬಿಳಿಯಾಗಿ ಕಾಣುವ ಗೆರೆಯಲ್ಲಿ ಮಸಿಯು ಸೀಳಿ ಕಾಗದದ ನಾರು ಹೊರಬಿದ್ದಿರುವುದು, ಅದು ಮಹಾದೋಷ. ಉದ್ದವು ಒಂದೇ ಇದ್ದರೂ ಎರಡಕ್ಕೂ ಕಳೆಯುವ ಅಂಕ ಒಂದೇ ಅಲ್ಲ. ಮುಖಪುಟದ ಮೇಲಿನ ಕಲೆಗೆ ಹಿಂಬದಿಯ ಕಲೆಗಿಂತ ಹೆಚ್ಚು ತೂಕ. ಚಿತ್ರದ ಮುಖಕ್ಕೆ ಬಿದ್ದ ಕಲೆಗೆ ಅಂಚಿನ ಕಲೆಗಿಂತ ಹೆಚ್ಚು ತೂಕ.

ಎರಡನೆಯವು ನೀರು, ಎಣ್ಣೆಗಳ ಕಲೆಗಳು. ನೀರಿನ ಕಲೆಯು ಅಂಚಿನಲ್ಲಿ ಕಂದುಗೆರೆಯನ್ನು ಬಿಟ್ಟು ಕಾಗದವನ್ನು ಅಲೆಯಲೆಯಾಗಿ ಮಾಡುವುದು. ಊಟಮಾಡುತ್ತ ಓದಿದ ಹುಡುಗನ ಬೆರಳಿನೆಣ್ಣೆಯು ಹಾಳೆಯಿಂದ ಹಾಳೆಗೆ ಇಳಿಯುವುದು. ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುವುದು. ಅಗ್ಗದ ಕಾಗದವು ಮರದ ತಿರುಳಿನಿಂದಾದುದು. ಅದರೊಳಗಿನ ಅಂಟುದ್ರವ್ಯವು ಬೆಳಕು ಗಾಳಿಗಳಿಗೆ ಕೆಟ್ಟು ಹುಳಿಯಾಗಿ, ಹಾಳೆಯನ್ನು ಹಳದಿಯಾಗಿಸಿ, ಕೊನೆಗೆ ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ಹಿಂದೆ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳವರು ನಾಲ್ಕೈದು ಸಂಚಿಕೆಗಳನ್ನು ಒಟ್ಟಿಗೆ ದಬ್ಬಣದಿಂದ ಚುಚ್ಚಿ ಹೊಲಿದು, ಅಂಚು ಕತ್ತರಿಸಿ, ಮುದ್ರೆಯೊತ್ತುತ್ತಿದ್ದರು. ಪುಸ್ತಕವು ಆ ಹೊಲಿಗೆಯಿಂದ ಬದುಕಿತು ನಿಜ. ಅಂಕವು ಮಾತ್ರ ಆ ತೂತುಗಳಲ್ಲಿಯೇ ಸೋರಿಹೋಯಿತು.

ಎಲ್ಲಕ್ಕಿಂತ ಕೇಡು ಮಾಡುವುದು ಒಳ್ಳೆಯ ಮನಸ್ಸಿನಿಂದ ಹಚ್ಚಿದ ಅಂಟುಪಟ್ಟಿ. ಹರಿದುದನ್ನು ಕೂಡಿಸಿದೆವೆಂದು ನಾವು ಹಿಗ್ಗುವೆವು. ಕೆಲವು ವರ್ಷಗಳಲ್ಲಿ ಪಟ್ಟಿಯು ಉದುರುತ್ತದೆ. ಅದರ ಅಂಟು ಮಾತ್ರ ಹಳದಿಯಾಗಿ ಕಾಗದದೊಳಗೇ ಉಳಿಯುತ್ತದೆ. ಹರಿದುದು ಒಂದು ದೋಷವಾಗಿದ್ದುದು ಈಗ ಎರಡಾಯಿತು.

ಇನ್ನು ಬರವಣಿಗೆ. ನಮ್ಮೂರಿನ ಗೃಹಸ್ಥರೊಬ್ಬರು ಕೆಲವು ದಿನಗಳ ಹಿಂದೆ ಒಂದು ಕಟ್ಟನ್ನು ನನ್ನ ಮುಂದಿಟ್ಟರು. ಅವು ಅವರ ತಮ್ಮನ ಪುಸ್ತಕಗಳು. ತಮ್ಮನು ಹರೆಯದಲ್ಲಿಯೇ ತೀರಿಕೊಂಡವನು. ಪ್ರತಿಯೊಂದರ ಮುಖಪುಟದ ಮೂಲೆಯಲ್ಲಿ ಕೆಂಪು ಮಸಿಯಲ್ಲಿ ಅವನ ಹೆಸರು, ತರಗತಿ. ಮಗಳ ಕಾಲೇಜಿನ ಖರ್ಚು ಮೈಮೇಲೆ ಬಂದಿತ್ತು. ಕೊಳ್ಳಲು ಬಂದವನು ಹೆಸರಿದ್ದರೆ ಬೆಲೆ ಕಡಿಮೆಯೆಂದು ಹೇಳಿ ಹೋಗಿದ್ದನು. "ಗುರುಗಳ, ಔಷಧ ಹಚ್ಚಿ ಈ ಹೆಸರು ಅಳಿಸಿದ್ರ ನಾಕು ರೊಕ್ಕ ಹೆಚ್ಚ ಬರತಾವೇನ್ರಿ?" ಎಂದು ಕೇಳುವಾಗ ಅವರ ಕಣ್ಣು ಪುಸ್ತಕದ ಮೇಲಿರಲಿಲ್ಲ.

ನಾನು ಹೇಳಿದ್ದಿಷ್ಟು. ಅಂಚಿನಲ್ಲಿ ಚಿಕ್ಕದಾಗಿ ಬರೆದ ಹೆಸರಿಗೆ ಪರೀಕ್ಷಕರು ಕಳೆಯುವ ಅಂಕ ಅಲ್ಪ. ಅಂಗಡಿಯವನು ಪುಸ್ತಕ ಬಂದ ದಿನಾಂಕವನ್ನು ಸೀಸದಲ್ಲಿ ಬರೆದಿದ್ದರೆ ಬಹುಮಟ್ಟಿಗೆ ಏನೂ ಕಳೆಯುವುದಿಲ್ಲ. ಅಳಿಸಲು ಹೋದರೆ ಮಸಿಯ ಸಂಗಡ ಮುಖಪುಟದ ಬಣ್ಣವೂ ಹೊಳಪೂ ಏಳುವುವು. ಔಷಧದಿಂದ ಕಾಗದವು ಸಡಿಲಾಗುವುದು. ಹೋದ ಬಣ್ಣವನ್ನು ತಿರುಗಿ ತುಂಬಿದರೆ ಅದು ಜೀರ್ಣೋದ್ಧಾರವೆನಿಸಿ, ಕರಂಡದ ಮೇಲೆ ನೇರಳೆ ಬಣ್ಣದ ಚೀಟಿ ಬೀಳುವುದು. ಆ ಚೀಟಿಯಿರುವ ಪುಸ್ತಕಕ್ಕೆ ಸಂಗ್ರಾಹಕರು ಬಹಳ ಕಡಿಮೆ ಕೊಡುವರು. ಹೇಳದೆ ಮಾರಿದರೆ ಅದು ವಂಚನೆ. ಇದಲ್ಲದೆ ಇನ್ನೊಂದು ಲೆಕ್ಕವಿದೆ. ವರಾಹಮಿಹಿರನ ಎಂಟನೆಯ ಪಾಲಿನಂತೆ ಇಲ್ಲಿ ಇಳಿತವು ಸಮನಾಗಿಲ್ಲ. ಒಂಬತ್ತರ ಮೇಲಿನ ಪುಸ್ತಕಕ್ಕೆ ಒಂದು ಬಿಳಿಗೆರೆಯು ಬಹಳ ನಷ್ಟ ಮಾಡುವುದು. ಮೂರರ ಪುಸ್ತಕಕ್ಕೆ ಇನ್ನೊಂದು ಕಲೆ ಬಿದ್ದರೂ ಬೆಲೆ ಹೆಚ್ಚು ಕದಲದು. ಅವರ ಪುಸ್ತಕಗಳು ಹತ್ತಾರು ಸಲ ಓದಿದವು. ಹೆಸರು ಅಳಿದರೂ ಅವು ಮೇಲಿನ ಮೆಟ್ಟಿಲನ್ನು ಏರುವಂತಿರಲಿಲ್ಲ.

ಅವರು ಕಟ್ಟನ್ನು ಬಿಚ್ಚಿ ಎರಡು ಪಾಲು ಮಾಡಿದರು. ಹೆಚ್ಚಿನ ಪಾಲನ್ನು ಇದ್ದಂತೆಯೇ, ದೋಷಗಳನ್ನು ಚೀಟಿಯಲ್ಲಿ ಬರೆದಿಟ್ಟು, ಮಾರಿದರು. ಐದಾರನ್ನು ಹೆಸರಿನ ಸಹಿತ ಮಗಳ ಕೈಗೆ ಕೊಟ್ಟರು. ಚಿಕ್ಕಪ್ಪನ ಅಕ್ಷರವನ್ನು ಆ ಹುಡುಗಿಯು ಅಂದೇ ಮೊದಲು ಕಂಡಳೆಂದು ಕೇಳಿದೆನು.

ಇಟ್ಟುಕೊಳ್ಳುವವರು ತಿಳಿಯತಕ್ಕ ಕೆಲವು ಮಾತುಗಳು. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಮಲೆನಾಡಿನಂತೆ ಬೂಸುರು ಹಿಡಿಯದು. ಆದರೆ ಬೇಸಿಗೆಯ ಕಾವು ಕಾಗದವನ್ನು ಒಣಗಿಸಿ ಮುರಿಯುವುದು. ಆದುದರಿಂದ ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಇಡಬಾರದು. ಬಿಸಿಲು ತಾಗದ ಒಳಕೋಣೆಯ ಕಪಾಟಿನಲ್ಲಿ, ನೆಲಕ್ಕೂ ಗೋಡೆಗೂ ತಗಲದಂತೆ ಇಡತಕ್ಕದ್ದು. ಗೆದ್ದಲಿನ ದಾರಿಯೂ ತಪ್ಪುವುದು. ಎರೆಮಣ್ಣಿನ ಧೂಳನ್ನು ಮೆತ್ತನೆಯ ಒಣ ಕುಂಚದಿಂದ ಬೆನ್ನಿನಿಂದ ಹೊರಕ್ಕೆ ಸರಿಸಬೇಕು. ಒದ್ದೆ ಬಟ್ಟೆ ಕೂಡದು. ಶಾಲೆಯ ಪುಸ್ತಕಕ್ಕೆ ಹಾಕುವಂತೆ ಸಮಾಚಾರಪತ್ರದ ಹೊದಿಕೆ ಹಾಕಬಾರದು. ಅದರ ಹುಳಿಯು ಮುಖಪುಟಕ್ಕೆ ಇಳಿಯುವುದು. ಬೇವಿನೆಲೆಯನ್ನು ಕಪಾಟಿನಲ್ಲಿಡಬಹುದು, ಹಾಳೆಗಳ ನಡುವೆ ಬೇಡ. ಎಲೆಯೂ ಕಲೆ ಬಿಡುವುದು. ಪಾಲಿಯೆಸ್ಟರ್ ಚೀಲದಲ್ಲಿ, ಹುಳಿಯಿಲ್ಲದ ರಟ್ಟಿನ ಆಸರೆ ಕೊಟ್ಟು, ನೆಟ್ಟಗೆ ನಿಲ್ಲಿಸಿದರೆ ಮತ್ತೊಂದು ತಲೆಮಾರು ಓದೀತು.

ನಮ್ಮ ಹಿಂದಿನ ಲಿಪಿಕಾರರು ಓಲೆಗ್ರಂಥದ ಕೊನೆಯಲ್ಲಿ ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಇದನ್ನು ಕಾಪಾಡಿರೆಂದು ಬೇಡಿಕೊಳ್ಳುತ್ತಿದ್ದರು. ಅವರು ಬೇಡಿದ್ದು ಮುಂದೆ ಓದುವವನ ಸಲುವಾಗಿ. ಮಾರುವ ಪುಸ್ತಕವನ್ನು ಅಂಕದಿಂದ ಅಳೆಯಿರಿ, ಇಟ್ಟುಕೊಳ್ಳುವ ಪುಸ್ತಕವನ್ನು ಮನೆಯವರ ನೆನಪಿನಿಂದ ಅಳೆಯಿರಿ; ಯಾವುದನ್ನು ಯಾವುದರಿಂದ ಅಳೆಯಬೇಕೆಂಬ ವಿವೇಕವು ಗೃಹಸ್ಥನದು.