‘ನಡೆಯುತ್ತೆ ಬಿಡಿ’ ಎನ್ನುವವರು ಟರ್ಬೊ ಬಿಚ್ಚಬೇಡಿ

ಕಳೆದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ತನ್ನ ಹಳೆಯ ಡೀಸೆಲ್ ಕಾರಿನ ಟರ್ಬೊವನ್ನು ಮನೆಯಂಗಳದಲ್ಲೇ ಬಿಚ್ಚಿ, ಕಡಿಮೆ ಬೆಲೆಯ ರಿಪೇರಿ ಕಿಟ್ ಹಾಕಿ ಜೋಡಿಸಿದ. ಎರಡು ವಾರ ಕಳೆಯುವುದರೊಳಗೆ ಅದು ಮತ್ತೆ ಸೈರನ್ನಿನಂತೆ ಕೂಗತೊಡಗಿತು. ಇನ್ನೊಂದು ಕಿಟ್ ತಂದ, ಅದೂ ಹೋಯಿತು. ‘ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ’ ಎಂದು ಅಂಗಡಿಯವರನ್ನು ಬೈಯುತ್ತ ನನ್ನ ಬಳಿ ಬಂದ. ನಾನು ಕಿಟ್ ನೋಡಲಿಲ್ಲ. ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಆಯಿಲ್ ಉಜ್ಜಿಕೊಂಡೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಾಗುವುದು ಸಹಜ. ಆದರೆ ಅದು ಬರೀ ಕಪ್ಪಲ್ಲ, ಕೆಸರು. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪು ಬಿಚ್ಚಿಸಿದೆ. ಒಳಗೆ ಇಂಗಾಲ ಗಟ್ಟಿಗಟ್ಟಿ, ಗುಂಡುಸೂಜಿ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ‘ಇದನ್ನು ಯಾಕೆ ಬದಲಾಯಿಸಲಿಲ್ಲ?’ ಎಂದೆ. ‘ಪೈಪ್ ತಾನೇ, ನಡೆಯುತ್ತೆ ಅಂದ್ಕೊಂಡೆ’ ಎಂದ.

ನನ್ನ ಸಿಟ್ಟು ಆ ಮಾತಿನ ಮೇಲೆ. ದುಡ್ಡು ಉಳಿಸುವುದು ತಪ್ಪಲ್ಲ. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಬಂದ ಮೇಲೆ, ಟರ್ಬೊ ಎಂಬುದು ನಮ್ಮ ಮಧ್ಯಮ ವರ್ಗದ ಮನೆ ಮುಂದೆಯೂ ಬಂದು ನಿಂತಿತು. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಅಂದಿನ ಆ ಕಾರುಗಳು ಇಂದು ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಹೊಸ ಟರ್ಬೊದ ಬೆಲೆ ಕೇಳಿದರೆ ಅವರ ಎದೆ ಒಡೆಯುತ್ತದೆ. ಅವರು ತಾವೇ ಸ್ಪ್ಯಾನರ್ ಹಿಡಿದರೆ ನಾನು ಮೆಚ್ಚುತ್ತೇನೆ. ಆದರೆ ಹಿಡಿಯುವ ಮೊದಲು ಅದು ಎಂಥ ಯಂತ್ರ ಎಂದು ತಿಳಿದುಕೊಳ್ಳುವ ಶ್ರಮವನ್ನೂ ಪಡದಿದ್ದರೆ ಹೇಗೆ?

ಟರ್ಬೊ ಎಂದರೆ ಒಂದು ಶಾಫ್ಟ್, ಅದರ ಎರಡು ತುದಿಗೆ ಎರಡು ಚಕ್ರ. ಹೊಗೆಯ ರಭಸಕ್ಕೆ ಒಂದು ತಿರುಗುತ್ತದೆ, ಅದರ ಜೊತೆಗೇ ತಿರುಗುವ ಇನ್ನೊಂದು ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ವಿಚಾರ ಕೇಳಲು ಸರಳ. ಆದರೆ ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಆರಾಮವಾಗಿ ದಾಟುತ್ತದೆ. ಸೆಕೆಂಡಿಗೆ 2,500 ಸುತ್ತು. ಚಕ್ರದ ಅಗಲ 40 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದರ ಅಂಚು ಗಂಟೆಗೆ 1,100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಆ ಶಾಫ್ಟನ್ನು ಹೊತ್ತಿರುವುದು ಬಾಲ್ ಬೇರಿಂಗ್ ಅಲ್ಲ. ಬಹುಪಾಲು ಕಾರುಗಳಲ್ಲಿ ಒಂದು ಜೊತೆ ಬುಷ್, ಅವುಗಳ ಒಳಗೂ ಹೊರಗೂ ಕೂದಲೆಳೆಗಿಂತ ತೆಳ್ಳನೆಯ ಆಯಿಲ್ ಪದರ. ಆ ಪದರವೇ ಬೇರಿಂಗು. ಅದು ಕ್ಷಣ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ.

ಇಷ್ಟು ತಿಳಿದವನು ಆಯಿಲ್ ಬದಲಿಸುವುದನ್ನು ಮುಂದಿನ ತಿಂಗಳಿಗೆ ತಳ್ಳಲಾರ. ನೀವು ತಳ್ಳುತ್ತೀರಿ. ಬೆಳಗಿನ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆ್ಯಕ್ಸಿಲರೇಟರ್ ತುಳಿಯುತ್ತೀರಿ. ಶಿರಾಡಿ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿಸಿ, ಮೇಲೆ ಕಾಫಿ ಅಂಗಡಿ ಕಂಡೊಡನೆ ಕೀಲಿ ತಿರುಗಿಸಿ ಇಳಿದುಬಿಡುತ್ತೀರಿ. ನೂರಾರು ಡಿಗ್ರಿ ಕಾದ ಟರ್ಬೊದೊಳಗೆ ಆಯಿಲಿನ ಹರಿವು ನಿಂತು, ಉಳಿದ ತೊಟ್ಟು ಅಲ್ಲೇ ಸುಟ್ಟು ಇಂಗಾಲವಾಗುತ್ತದೆ. ಒಂದೆರಡು ನಿಮಿಷ ಎಂಜಿನ್ ಐಡಲ್‌ನಲ್ಲಿ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಆ ಹುಡುಗನ ಪೈಪು ಕಟ್ಟಿಕೊಂಡಿದ್ದೂ ಹೀಗೆಯೇ, ವರ್ಷಗಟ್ಟಲೆ.

ಟರ್ಬೊ ತಾನಾಗಿ ಸಾಯುವುದು ಅಪರೂಪ. ಕೊಳೆ ಆಯಿಲ್, ಸಾಲದ ಆಯಿಲ್, ಹರಿದ ಏರ್ ಫಿಲ್ಟರಿನಿಂದ ನುಗ್ಗಿದ ದೂಳು, ಇವುಗಳಲ್ಲಿ ಯಾವುದೋ ಒಂದು ಅದನ್ನು ಕೊಂದಿರುತ್ತದೆ. ಕೊಂದದ್ದು ಯಾವುದೆಂದು ಹುಡುಕದೆ ಹೊಸ ಬುಷ್ ಹಾಕುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಷ್ಟೋ ಸಲ ಟರ್ಬೊ ಕೆಟ್ಟೇ ಇರುವುದಿಲ್ಲ. ನೀಲಿ ಹೊಗೆ ಬಂತು, ‘ಸೀಲ್ ಹೋಗಿದೆ’ ಎಂದು ಬಿಚ್ಚುತ್ತೀರಿ. ಅಲ್ಲಿ ರಬ್ಬರ್ ಸೀಲ್ ಇಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಉಂಗುರಗಳಿವೆ. ಆಯಿಲ್ ಕೆಳಗಿನ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಆ ಪೈಪು ಕಟ್ಟಿದ್ದರೆ, ಅಥವಾ ಎಂಜಿನ್ನಿನ ಆವಿ ಹೊರಬಿಡುವ ಬ್ರೀದರ್ ಮುಚ್ಚಿ ಒಳಗೆ ಒತ್ತಡ ತುಂಬಿದ್ದರೆ, ಹೊಚ್ಚ ಹೊಸ ಟರ್ಬೊ ಕೂಡ ಆಯಿಲ್ ಕಾರುತ್ತದೆ.

ಇನ್ನು ಬಿಚ್ಚುವ ಪರಿ. ಹೌಸಿಂಗುಗಳು ಒಂದಕ್ಕೊಂದು ಯಾವ ಕೋನದಲ್ಲಿದ್ದವು, ಗಾಳಿಚಕ್ರ ಮತ್ತು ನಟ್ಟು ಶಾಫ್ಟಿನ ಮೇಲೆ ಹೇಗೆ ಕೂತಿದ್ದವು ಎಂದು ಗುರುತು ಹಾಕುವುದಿಲ್ಲ. ಆ ನಟ್ಟು ಹಲವು ಟರ್ಬೊಗಳಲ್ಲಿ ಎಡಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದ್ದು. ಅದನ್ನು ನೋಡದೆ ಬಲ ಹಾಕಿ ಶಾಫ್ಟೇ ಮುರಿದವರುಂಟು. ಶಾಫ್ಟಿನ ಮೇಲೆ ಗೀರು ಕಂಡರೆ ಉಪ್ಪುಕಾಗದ ತಿಕ್ಕುತ್ತೀರಿ. ಗೀರು ಹೋಗುತ್ತದೆ, ಜೊತೆಗೆ ಅಳತೆಯೂ ಹೋಗುತ್ತದೆ. ಗೀರು ಉಗುರಿಗೆ ಸಿಕ್ಕಿತೆಂದರೆ ಆ ಶಾಫ್ಟಿನ ಆಯುಸ್ಸು ಮುಗಿಯಿತು, ಅದಕ್ಕೆ ಯಾವ ಕಿಟ್ಟೂ ಮದ್ದಲ್ಲ. ಅಡ್ಡಕ್ಕೆ ಅಲ್ಲಾಡಿಸಿ ‘ಪ್ಲೇ ಇದೆ’ ಎಂದು ಗಾಬರಿಯಾಗುವವರು ಉದ್ದಕ್ಕೆ ಎಳೆದು ನೋಡುವುದೇ ಇಲ್ಲ. ಆಯಿಲ್ ಇಲ್ಲದಾಗ ಅಡ್ಡಕ್ಕೆ ತುಸು ಅಲ್ಲಾಡುವುದು ಸಹಜ. ಉದ್ದಕ್ಕೆ ಮಾತ್ರ ಬೆರಳಿಗೆ ಹೆಚ್ಚುಕಡಿಮೆ ತಿಳಿಯಲೇಬಾರದು. ತಿಳಿದರೆ, ಶಾಫ್ಟನ್ನು ಉದ್ದಕ್ಕೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಸವೆದಿದೆ. ಇದನ್ನು ಡಯಲ್ ಗೇಜಿನಲ್ಲಿ ಅಳೆಯಬೇಕು, ಅಂದಾಜಿನಲ್ಲಿ ಅಲ್ಲ. ಕೊನೆಗೆ ಆಯಿಲ್ ಪೈಪಿನ ಬಾಯಿಗೆ ಸಿಲಿಕಾನ್ ಪೇಸ್ಟ್ ಮೆತ್ತುತ್ತೀರಿ. ಹಿಂಡಿದಾಗ ಒಳಗೆ ಬಿದ್ದ ಅದರ ಒಂದು ಚೂರು ಸಾಕು, ಆಯಿಲ್ ದಾರಿ ಮುಚ್ಚಲು. ಅಲ್ಲಿ ಗ್ಯಾಸ್ಕೆಟ್ಟೇ ಬೇಕು.

ಎಲ್ಲಕ್ಕಿಂತ ದೊಡ್ಡ ಅಪರಾಧ ಬ್ಯಾಲೆನ್ಸಿಂಗ್, ಅಂದರೆ ತಿರುಗುವ ಭಾಗಗಳ ಭಾರ ಎಲ್ಲ ಕಡೆ ಸಮವಿದೆಯೇ ಎಂದು ನೋಡುವುದನ್ನು, ಬಿಡುವುದು. ‘ಗುರುತು ಹಾಕಿಯೇ ಜೋಡಿಸಿದ್ದೇನಲ್ಲ’ ಎನ್ನುತ್ತೀರಿ. ಲೆಕ್ಕ ಕೇಳಿ. ಕೇಂದ್ರದಿಂದ 15 ಮಿಲಿಮೀಟರ್ ದೂರದಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಪಾಲು ಭಾರ ಹೆಚ್ಚಾದರೆ, ಒಂದೂವರೆ ಲಕ್ಷ ಸುತ್ತಿನಲ್ಲಿ ಅದು ಶಾಫ್ಟನ್ನು ಸುಮಾರು 38 ಕಿಲೋ ಭಾರ ನೇತುಹಾಕಿದಂತೆ ಎಳೆಯುತ್ತದೆ, ಸೆಕೆಂಡಿಗೆ 2,500 ಸಲ ದಿಕ್ಕು ಬದಲಿಸುತ್ತ. ಕೂದಲೆಳೆಯಷ್ಟೂ ಇಲ್ಲದ ಆಯಿಲ್ ಪದರ ಅದನ್ನು ತಡೆಯಬೇಕು. ಇದನ್ನು ಮನೆಯಂಗಳದಲ್ಲಿ ನೋಡಲು ಬರುವುದಿಲ್ಲ, ಯಂತ್ರವೇ ಬೇಕು. ಬಿಚ್ಚುವುದು, ತೊಳೆಯುವುದು, ಪೈಪು ಬದಲಿಸುವುದು, ಗಾಳಿ ತಣಿಸುವ ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಆಯಿಲ್ ಬಸಿಯುವುದು, ಎಲ್ಲವನ್ನೂ ನೀವೇ ಮಾಡಿ ಕೂಲಿ ಉಳಿಸಿ. ಉಳಿದ ದುಡ್ಡನ್ನು ಬ್ಯಾಲೆನ್ಸಿಂಗಿಗೆ ಕೊಡಿ, ಇಲ್ಲವೇ ಬ್ಯಾಲೆನ್ಸ್ ಮಾಡಿಯೇ ಬರುವ ನಡುವಿನ ಕೋರನ್ನು (ಶಾಫ್ಟು, ಚಕ್ರ, ಬೇರಿಂಗುಗಳ ಜೋಡಣೆ) ಕೊಂಡು ಹಾಕಿ. ಅದಕ್ಕೂ ಕೈ ಬಿಗಿಹಿಡಿಯುವುದಾದರೆ ಕಾರು ನಿಲ್ಲಿಸಿ ಬಸ್ಸು ಹತ್ತಿ.

ಕಟುವಾಯಿತೆಂದರೆ ಆಗಲಿ. ಡೀಸೆಲ್ ಕಾರಿನ ಟರ್ಬೊ ಒಡೆದರೆ ಎಂಜಿನ್ ತನ್ನದೇ ಆಯಿಲನ್ನು ಹೀರಿ ಉರಿಸತೊಡಗಬಹುದು. ಆಗ ಕೀಲಿ ತೆಗೆದರೂ ಅದು ನಿಲ್ಲುವುದಿಲ್ಲ, ಸುತ್ತು ಏರುತ್ತಲೇ ಹೋಗುತ್ತದೆ. ಗಾಳಿಯ ದಾರಿ ಮುಚ್ಚಬೇಕು, ಇಲ್ಲವೇ ಮೇಲಿನ ಗೇರಿಗೆ ಹಾಕಿ ಬ್ರೇಕ್ ಒತ್ತಿ ಬಲವಂತವಾಗಿ ಆಫ್ ಮಾಡಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ, ಘಾಟಿಯ ತಿರುವಿನಲ್ಲಿ, ಅದನ್ನು ಎಷ್ಟು ಜನ ಮಾಡಬಲ್ಲರು?

ಆ ಹುಡುಗ ಮೂರನೆಯ ಸಲ ಜೋಡಿಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಹೊಸ ಪೈಪು, ಹೊಸ ಆಯಿಲ್, ಹೊಸ ಫಿಲ್ಟರ್, ಬ್ಯಾಲೆನ್ಸ್ ಆದ ಕೋರ್. ಎಲ್ಲ ಮುಗಿದ ಮೇಲೆ ಅವನು ನೇರ ಸ್ಟಾರ್ಟ್ ಮಾಡಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಟರ್ಬೊದ ಬಾಯಿಗೆ ಶುದ್ಧ ಆಯಿಲ್ ಸುರಿಸಿದೆ, ಚಕ್ರವನ್ನು ಬೆರಳಲ್ಲಿ ತಿರುಗಿಸಿದೆ. ಇಂಜೆಕ್ಟರುಗಳ ಕನೆಕ್ಟರ್ ಕಳಚಿಸಿ, ಎಂಜಿನ್ ಹತ್ತಿಕೊಳ್ಳದಂತೆ ಬರೀ ಸ್ಟಾರ್ಟರಿನಲ್ಲೇ ತಡೆತಡೆದು ತಿರುಗಿಸಲು ಹೇಳಿದೆ. ಕೆಳಗಿನ ಪೈಪಿನ ಬಾಯಿಗೆ ಹಿಡಿದಿದ್ದ ಡಬ್ಬಿಗೆ ಆಯಿಲ್ ಇಳಿಯಲು ನಾಲ್ಕನೆಯ ಸರದಿಯವರೆಗೆ ಕಾಯಬೇಕಾಯಿತು. ಹಿಂದಿನ ಎರಡು ಸಲ ಆ ಡಬ್ಬಿಯನ್ನು ಅವನು ಹಿಡಿದೇ ಇರಲಿಲ್ಲ.