ಹಾರುವ ಯಂತ್ರಕ್ಕೆ ಭಾರವಾದ ಕ್ಯಾಮೆರಾ

ಮದುವೆಯ ಚಪ್ಪರದ ಮೇಲೆ, ತೇರಿನ ಬೀದಿಯ ಮೇಲೆ ಗುಂಯ್‌ಗುಡುತ್ತ ನಿಲ್ಲುವ ಡ್ರೋನನ್ನು ಕಾಣದ ವಿದ್ಯಾರ್ಥಿ ಇಂದು ವಿರಳ. ನಾಲ್ಕು, ಆರು ಅಥವಾ ಎಂಟು ಪಂಖಗಳ ಈ ಯಂತ್ರವನ್ನು ಬಿಡಿಭಾಗಗಳಿಂದ ತಾವೇ ಜೋಡಿಸುವ ತರುಣರೂ ನಮ್ಮ ಕಾಲೇಜುಗಳಲ್ಲಿ ಹಲವರಿದ್ದಾರೆ. ಯಂತ್ರ ಹಾರಿತೆಂದರೆ, ಮರುದಿನವೇ ಅದಕ್ಕೊಂದು ಒಳ್ಳೆಯ ಕ್ಯಾಮೆರಾ ಕಟ್ಟಬೇಕೆಂಬ ಆಸೆ ಹುಟ್ಟುವುದು. ಯಂತ್ರ ಎತ್ತ ವಾಲಿದರೂ ಕ್ಯಾಮೆರಾ ಮಾತ್ರ ದಿಗಂತವನ್ನು ನೆಟ್ಟಗೆ ನೋಡುತ್ತಿರುವಂತೆ ಮಾಡುವ, ಮೂರು ಅಕ್ಷಗಳ ಸುತ್ತ ತಿರುಗಬಲ್ಲ ತೊಟ್ಟಿಲಿಗೆ ಗಿಂಬಲ್ ಎಂದು ಹೆಸರು. ದೊಡ್ಡ ಕ್ಯಾಮೆರಾ, ಅದರ ಮಸೂರ, ಗಿಂಬಲಿನ ಮೋಟಾರುಗಳು ಎಲ್ಲವೂ ಸೇರಿ ಸುಲಭವಾಗಿ ಒಂದು ಕಿಲೋಗ್ರಾಂ ತೂಗುತ್ತವೆ. ಈ ಭಾರವನ್ನು ಎಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ನಮ್ಮ ನಡುವೆ ಒಂದು ತಪ್ಪು ನಂಬಿಕೆ ಬೇರೂರಿದೆ. ಆ ತಪ್ಪಿನಲ್ಲಿ ನಮಗೂ ಪಾಲುಂಟು.

ಕೆಲವು ವರ್ಷಗಳ ಹಿಂದೆ ನಮ್ಮ ಮೂವರು ವಿದ್ಯಾರ್ಥಿಗಳು ಇಂಥದೊಂದು ಯಂತ್ರವನ್ನು ಮೇಜಿನ ಮೇಲಿಟ್ಟು, ಗಿಂಬಲನ್ನು ಎಲ್ಲಿ ಕಟ್ಟೋಣವೆಂದು ಕೇಳಿದರು. ನಾವು ಹಿಂದೆಮುಂದೆ ನೋಡದೆ, "ಆದಷ್ಟು ಕೆಳಗೆ ಇಳಿಬಿಡಿ. ಗುರುತ್ವಕೇಂದ್ರ ತಗ್ಗಿದಷ್ಟೂ ಸ್ಥಿರತೆ ಹೆಚ್ಚು. ದೇವಸ್ಥಾನದ ತೂಗುದೀಪವನ್ನು ನೋಡಿಲ್ಲವೆ?" ಎಂದುಬಿಟ್ಟೆವು. ಅವರು 20 ಸೆಂಟಿಮೀಟರ್ ಉದ್ದದ ಕಂಬಿಗಳನ್ನು ಇಳಿಬಿಟ್ಟು, ಕಾಲುಗಳು ಚಿತ್ರಕ್ಕೆ ಅಡ್ಡಬಾರದಿರಲೆಂದು 10 ಸೆಂಟಿಮೀಟರಿನಷ್ಟು ಮುಂದಕ್ಕೆ ಕ್ಯಾಮೆರಾ ಕಟ್ಟಿದರು. ಆಟದ ಬಯಲಿನಲ್ಲಿ ಯಂತ್ರ ಎರಡಾಳೆತ್ತರ ಏರಿತು, ಮೆಲ್ಲನೆ ತೂಗಾಡತೊಡಗಿತು, ತೂಗಾಟ ಬೆಳೆಯುತ್ತ ಹೋಗಿ, ಒಂದು ಬೀಸುಗಾಳಿಗೆ ಮುಗ್ಗರಿಸಿ ನೆಲಕ್ಕೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಇದ್ದಿದ್ದರೆ? ಈ ಪ್ರಶ್ನೆ ಆ ರಾತ್ರಿ ನಮ್ಮ ನಿದ್ದೆ ಕೆಡಿಸಿತು.

ತೂಗುದೀಪದ ಹೋಲಿಕೆ ಎಲ್ಲಿ ಮುರಿಯುವುದೆಂಬುದನ್ನು ನೋಡೋಣ. ದೀಪವನ್ನು ಪಕ್ಕಕ್ಕೆ ಸರಿಸಿದರೆ ಅದು ಮರಳುವುದು ನಿಜ. ಆದರೆ ಸರಪಳಿಯನ್ನು ಹಿಡಿದಿರುವ ತೊಲೆ ಅಲುಗುವುದಿಲ್ಲವಷ್ಟೆ! ಡ್ರೋನಿಗೆ ಅಂಥ ತೊಲೆಯಿಲ್ಲ. ಅದನ್ನು ಎತ್ತಿಹಿಡಿದಿರುವುದು ಪಂಖಗಳ ಬಲ. ಪಂಖಗಳೋ ಯಂತ್ರದ ಮೈಗೇ ಬಿಗಿದಿವೆ. ಯಂತ್ರ ವಾಲಿದರೆ ಎತ್ತುಬಲವೂ ಅದರೊಡನೆಯೇ ವಾಲುವುದು. ಸಮತೂಕದ ಯಂತ್ರದಲ್ಲಿ ಆ ಬಲದ ರೇಖೆ ಮೊದಲಿನಂತೆಯೇ ಗುರುತ್ವಕೇಂದ್ರದ ಮೂಲಕ ಹಾಯುವುದು. ಭೂಮಿಯ ಸೆಳೆತವೂ ಅದೇ ಬಿಂದುವಿನಲ್ಲಿ ವರ್ತಿಸುವುದರಿಂದ, ವಾಲಿದ ಮೈಯನ್ನು ಮತ್ತೆ ನೆಟ್ಟಗೆ ತಿರುಗಿಸುವ ಶಕ್ತಿ ಈ ಎರಡು ಬಲಗಳಲ್ಲಿ ಯಾವುದಕ್ಕೂ ಇಲ್ಲ. ಭಾರ ಮೇಲಿದ್ದರೂ ಅಷ್ಟೆ, ಕೆಳಗಿದ್ದರೂ ಅಷ್ಟೆ.

ಈ ವಿನ್ಯಾಸವನ್ನು ದೊಡ್ಡವರೂ ಪ್ರಯೋಗಿಸಿ ಕೈಬಿಟ್ಟಿದ್ದಾರೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಗೊಡಾರ್ಡ್ 1926ರ ಮಾರ್ಚ್ 16ರಂದು ಮ್ಯಾಸಚುಸೆಟ್ಸಿನ ಆಬರ್ನ್ ಎಂಬಲ್ಲಿ ಪ್ರಪಂಚದ ಮೊದಲ ದ್ರವ ಇಂಧನದ ರಾಕೆಟನ್ನು ಹಾರಿಸಿದರು. ಅದರಲ್ಲಿ ಎಂಜಿನ್ ಮೇಲುತುದಿಯಲ್ಲಿದ್ದು, ಇಂಧನದ ತೊಟ್ಟಿಗಳು ಕೆಳಗೆ ತೂಗುತ್ತಿದ್ದುವು. ಎರಡೂವರೆ ಸೆಕೆಂಡು ಹಾರಿ ಅದು ಎಲೆಕೋಸಿನ ತೋಟದಲ್ಲಿ ಬಿದ್ದಿತು. ಅನಂತರದ ರಾಕೆಟುಗಳಲ್ಲಿ ಗೊಡಾರ್ಡರು ಎಂಜಿನನ್ನು ಬುಡಕ್ಕೇ ಇಳಿಸಿದರು. ದಿಕ್ಕು ಕಾಯುವ ಕೆಲಸವನ್ನು ಗೈರೊಸ್ಕೋಪಿಗೆ ಒಪ್ಪಿಸಿದರು. ಇಂದಿನ ಡ್ರೋನಿನಲ್ಲಿಯೂ ಸ್ಥಿರತೆಯ ಒಡೆಯ ಗೈರೊಸ್ಕೋಪವೇ. ಬೆರಳಿನ ಉಗುರಿಗಿಂತ ಚಿಕ್ಕದಾದ ಅದು ವಾಲುವಿಕೆಯನ್ನು ಅಳೆಯುತ್ತದೆ. ನಿಯಂತ್ರಕವು ಸೆಕೆಂಡಿಗೆ ನೂರಾರು ಬಾರಿ ಪಂಖಗಳ ವೇಗವನ್ನು ತಿದ್ದುತ್ತದೆ.

ಹಾಗಾದರೆ ಇಳಿಬಿಟ್ಟ ಭಾರದಿಂದ ಲಾಭವಿಲ್ಲದಿದ್ದರೂ ನಷ್ಟವೇನು? ನಷ್ಟವುಂಟು. ಮೈಯನ್ನು ತಿರುಗಿಸಲು ಭಾರ ಒಡ್ಡುವ ಜಡತ್ವ ದೂರದ ವರ್ಗದಂತೆ ಬೆಳೆಯುವುದು. ತಿರುಗುವ ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿದ್ದ ಕ್ಯಾಮೆರಾವನ್ನು 20ಕ್ಕೆ ಒಯ್ದರೆ ಅದರ ಜಡತ್ವ ನಾಲ್ಮಡಿ. ಬರಿಯ ಯಂತ್ರಕ್ಕೆ ಹೊಂದಿಸಿದ ನಿಯಂತ್ರಕ ಈ ಸೋಮಾರಿ ಮೈಯನ್ನು ತಡವಾಗಿ ತಿದ್ದುತ್ತದೆ, ತಿದ್ದಿ ಅತ್ತಕಡೆಗೆ ಹಾಯುತ್ತದೆ. ನಮ್ಮ ಯಂತ್ರದ ತೂಗಾಟ ಇದೇ ಆಗಿತ್ತು.

ಮುಗ್ಗರಿಸಲು ಬೇರೆ ಕಾರಣವಿತ್ತು. ಯಂತ್ರದ ತೂಕ 2 ಕಿಲೋಗ್ರಾಂ, ಗಿಂಬಲಿನದು 1. ಗಿಂಬಲ್ 10 ಸೆಂಟಿಮೀಟರ್ ಮುಂದಿದ್ದುದರಿಂದ ಒಟ್ಟು ಗುರುತ್ವಕೇಂದ್ರ 3.3 ಸೆಂಟಿಮೀಟರ್ ಮುಂದೆ ಸರಿಯಿತು. ಪಂಖಗಳು ನಡುವಿನಿಂದ ಹಿಂದಕ್ಕೂ ಮುಂದಕ್ಕೂ 25 ಸೆಂಟಿಮೀಟರ್ ದೂರದಲ್ಲಿದ್ದುವು. ಸನ್ನೆಯ ನಿಯಮದಂತೆ ಲೆಕ್ಕಹಾಕಿದರೆ ಮುಂದಿನ ಮೋಟಾರುಗಳು ತಲಾ 850 ಗ್ರಾಂ, ಹಿಂದಿನವು ತಲಾ 650 ಗ್ರಾಂ ಹೊರಬೇಕು. ಪ್ರತಿ ಮೋಟಾರಿನ ಪರಮಾವಧಿ ಶಕ್ತಿ 1000 ಗ್ರಾಂ. ಕಾವಡಿ ಹೊತ್ತವನ ಮುಂದಿನ ಕೊಡ ತುಂಬಿ ಹಿಂದಿನದು ಬರಿದಾಗಿದ್ದರೆ ಅವನು ಕೋಲನ್ನು ಹೆಗಲ ಮೇಲೆ ಸರಿಸಿಕೊಳ್ಳುವನು. ಯಂತ್ರಕ್ಕೆ ಆ ವಿವೇಕವಿಲ್ಲ. ಮುಂಭಾಗವನ್ನು ಗಾಳಿ ಅದುಮಿದಾಗ ಎತ್ತಲು ಉಳಿದಿದ್ದ ಬಂಡವಾಳ 150 ಗ್ರಾಂ ಮಾತ್ರ.

ನಿಯಂತ್ರಕ ಇಷ್ಟು ಜಾಣತನದ್ದಾಗಿರುವಾಗ ಸಮತೂಕದ ಗೊಡವೆ ಏಕೆಂದು ತರುಣರು ಕೇಳುತ್ತಾರೆ. ನಮ್ಮ ಆಕ್ಷೇಪಣೆ ಇರುವುದೇ ಅಲ್ಲಿ. ಅದು ನಮ್ಮ ದೋಷವನ್ನು ತಿದ್ದುವುದಿಲ್ಲ, ಮುಚ್ಚುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ವಕ್ರವಾಗಿ ತುಂಬಿದ ಯಂತ್ರವೂ ಸುಂದರವಾಗಿಯೇ ನಿಲ್ಲುವುದು. ಮೋಟಾರಿನಲ್ಲಿ ಮಿಗಿಲು ಬಲ ಉಳಿದಿಲ್ಲವೆಂಬುದು ನೋಡುವವನಿಗೆ ತಿಳಿಯುವುದು ಅದು ಬೀಳುವಾಗಲೇ.

ಇನ್ನು ಭಾರದ ಬೆಲೆ. ಪಂಖಗಳ ಅಳತೆ ಬದಲಾಗದಿದ್ದರೆ, ಒಂದೇ ಕಡೆ ನಿಂತು ಹಾರಲು ಬೇಕಾದ ಸಾಮರ್ಥ್ಯ ಭಾರವನ್ನು ಅದರ ವರ್ಗಮೂಲದಿಂದ ಗುಣಿಸಿದಷ್ಟು ಬೆಳೆಯುವುದು. ಕೆಳಕ್ಕೆ ತಳ್ಳುವ ಗಾಳಿಯ ವೇಗವೂ ಹೆಚ್ಚಬೇಕಾಗುವುದೇ ಇದಕ್ಕೆ ಕಾರಣ. 2 ಕಿಲೋಗ್ರಾಂ 3 ಆದಾಗ ಭಾರ ಒಂದೂವರೆ ಪಾಲು, ಸಾಮರ್ಥ್ಯ 1.84 ಪಾಲು. 20 ನಿಮಿಷ ಹಾರುತ್ತಿದ್ದುದು ಆದರ್ಶ ಲೆಕ್ಕದಲ್ಲಿಯೇ 11 ನಿಮಿಷಕ್ಕೆ ಇಳಿಯುವುದು. ದೊಡ್ಡ ಬ್ಯಾಟರಿ ಹಾಕಿದರಾಯಿತೆಂಬವರು ಬ್ಯಾಟರಿಗೂ ತೂಕವುಂಟೆಂಬುದನ್ನು ಮರೆಯುತ್ತಾರೆ.

ಗಿಂಬಲಿಗೂ ಮೈಗೂ ನಡುವೆ ಹಾಕುವ ರಬ್ಬರ್ ಗುಂಡುಗಳ ಮಾತೂ ಒಂದಿದೆ. ಪಂಖ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಂಪನ. ರಬ್ಬರಿನ ಮೇಲೆ ಕುಳಿತ ಗಿಂಬಲಿನ ಸಹಜ ಕಂಪನಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯಿದ್ದರೆ ಮಾತ್ರ ನಡುಕ ಸೋಸಿಹೋಗುವುದು. ಗುಂಡುಗಳು ಬಹಳ ಗಟ್ಟಿಯಾದರೆ ನಡುಕ ಹಾಗೆಯೇ ದಾಟುವುದು. ಹಗುರ ಕ್ಯಾಮೆರಾಕ್ಕೆಂದು ಮಾಡಿದ ಮೆತ್ತನೆಯ ಗುಂಡುಗಳಿಗೆ ಒಂದು ಕಿಲೋಗ್ರಾಂ ತೂಗುಹಾಕಿದರೆ ಅವು ಜಗ್ಗಿ ತೂತಿನಿಂದ ಕಳಚುವುವು. ಒಂದು ಗಟ್ಟಿ ದಾರವನ್ನು ಗಿಂಬಲಿನಿಂದ ಮೈಗೆ ಬಿಗಿದಿಡುವುದಕ್ಕೆ ಖರ್ಚೇನೂ ಇಲ್ಲ.

2021ರ ಡ್ರೋನ್ ನಿಯಮಗಳು ವರ್ಗವನ್ನು ನಿರ್ಧರಿಸುವುದು ಹೊರೆಯನ್ನೂ ಸೇರಿಸಿದ ಒಟ್ಟು ತೂಕದಿಂದ. 2 ಕಿಲೋಗ್ರಾಂ ದಾಟಿದ ಯಂತ್ರ ಮೈಕ್ರೋ ವರ್ಗವನ್ನು ಬಿಟ್ಟು ಮೇಲಿನ ವರ್ಗಕ್ಕೆ ಸೇರುವುದು. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ಆದರೆ ನಿಯಮ ತೂಕವನ್ನು ಕೇಳುವುದು, ಗುರುತ್ವಕೇಂದ್ರ ಎಲ್ಲಿದೆಯೆಂದು ಕೇಳುವವರು ನಾವೇ ಆಗಬೇಕು. ರಟ್ಟಿನ ತುಂಡನ್ನು ಮೊಳೆಗೆ ತೂಗುಹಾಕಿ ಗುರುತ್ವಕೇಂದ್ರ ಕಂಡುಹಿಡಿಯುವ ಪ್ರಯೋಗವನ್ನು ನಾವು ವರ್ಷವರ್ಷವೂ ಮಾಡಿಸುತ್ತೇವೆ, ಅಂಕ ಕೊಡುತ್ತೇವೆ, ರಟ್ಟನ್ನು ಬೀರುವಿಗೆ ಸೇರಿಸುತ್ತೇವೆ. ರಟ್ಟಿನ ಬದಲು ಡ್ರೋನನ್ನೇ ತೂಗುಹಾಕಿಸಬಾರದೇಕೆ? ತೂಕದ ಪಟ್ಟಿಯನ್ನೂ ಗುರುತ್ವಕೇಂದ್ರದ ಲೆಕ್ಕವನ್ನೂ ಬರೆದು ತೋರಿಸದ ಯಾವ ಯಂತ್ರವೂ ಕಾಲೇಜಿನ ಆವರಣದಲ್ಲಿ ಮೇಲೇರಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆ ಮೂವರು ತಮ್ಮ ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಮೋಟಾರು, ಪಂಖಗಳನ್ನು ದೊಡ್ಡವಕ್ಕೆ ಬದಲಿಸಿದರು. ಕಂಬಿಗಳನ್ನು ಕತ್ತರಿಸಿ, ಗಿಂಬಲನ್ನು ಹೊಟ್ಟೆಗೆ ತಾಗುವಷ್ಟು ಮೇಲಕ್ಕೂ ಹಿಂದಕ್ಕೂ ತಂದರು. ಉಳಿದ ಅಲ್ಪ ವ್ಯತ್ಯಾಸವನ್ನು ಬೆನ್ನ ಮೇಲಿನ ಬ್ಯಾಟರಿಯನ್ನು ತುಸು ಹಿಂದೆ ಸರಿಸಿ ಸರಿದೂಗಿಸಿದರು. ಪ್ರಮಾಣಪತ್ರ ಪಡೆದವರೊಬ್ಬರು ಬಂದು, ಯಂತ್ರವನ್ನು ಬಯಲಿನ ನಡುವೆ ಮೊಣಕಾಲೆತ್ತರದಲ್ಲಿ ಒಂದು ನಿಮಿಷ ನಿಲ್ಲಿಸಿ ಇಳಿಸಿದರು. ಬ್ಯಾಟರಿಯನ್ನು ಕಳಚಿದ ಮೇಲೆ ನಾವು ನಾಲ್ಕೂ ಮೋಟಾರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆವು. ನಾಲ್ಕೂ ಒಂದೇ ಹದಕ್ಕೆ ಬೆಚ್ಚಗಿದ್ದುವು.